ದಿಬ್ಬದ ಬಸವಣ್ಣನಿಗೆ ಸಂದ ವಿಮಾನ

ಮಹಾಲಿಂಗಯ್ಯನವರ ಬಾಯಿಂದ "ಇಲ್ಲ" ಎಂಬ ಮಾತು ಹೊರಟದ್ದನ್ನು ಕೇಳಿದವರು ತುಮಕೂರು ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಯಾರು ಏನೇ ಕೇಳಲಿ, ಅವರ ಉತ್ತರ "ಹೂಂ". ಸಾಲು ಬಿಟ್ಟು ಹಿಂದೆ ಹೋಗ್ತೀರಾ ಅಂದರೂ ಹೂಂ, ಈ ಉಪ್ಪಿಟ್ಟು ಸೀದಿದೆಯಾ ಅಂದರೂ ಹೂಂ, ಚೆನ್ನಾಗಿದೆಯಾ ಅಂದರೂ ಹೂಂ. ಅವರ ಹೆಂಡತಿ ಉಮಾಮಹೇಶ್ವರಿ ಬಂದವರ ಮುಂದೆಲ್ಲಾ ಹೇಳುವುದಿತ್ತು: "ನನ್ನನ್ನ ನೋಡೋಕೆ ಬಂದಾಗ ಹುಡುಗಿ ಒಪ್ಪಿಗೇನಾ ಅಂತ ಕೇಳಿದ್ರು, ಹೂಂ ಅಂದ್ರು. ನಮ್ಮಪ್ಪ ಪುಣ್ಯಕ್ಕೆ ಅಲ್ಲಿಗೇ ನಿಲ್ಲಿಸಿದ್ರು. ಇನ್ನೊಂದು ಹುಡುಗಿ ನೋಡ್ತೀರಾ ಅಂತ ಕೇಳಿದ್ರೆ ಅದಕ್ಕೂ ಹೂಂ ಅಂತಿದ್ರು."

ಅಂಥ ಮನುಷ್ಯ ಅಂತರಸನಹಳ್ಳಿಯ ಎರಕದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷದಿಂದ ಪ್ಯಾಟರ್ನ್ ಮೇಸ್ತ್ರಿ. ಉಕ್ಕಿನ ಯಾವ ಭಾಗ ಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತಿ ಕೊಡಬೇಕು. ಅದನ್ನು ಮರಳಲ್ಲಿ ಒತ್ತಿ, ಉಳಿದ ಗುಳಿಗೆ ಕಾದ ಉಕ್ಕು ಹೊಯ್ಯುತ್ತಾರೆ. ಉಕ್ಕು ಲಾರಿ ಹತ್ತಿ ದೇಶಾಂತರ ಹೋಗುತ್ತದೆ, ಮರದ ಅಚ್ಚು ಗೋಡೌನಿನಲ್ಲಿ ಗೆದ್ದಲು ಹಿಡಿಯುತ್ತದೆ. ತಾನು ಕೆತ್ತಿದ ಒಂದು ವಸ್ತುವನ್ನೂ ಒಬ್ಬ ನರಮನುಷ್ಯ "ಎಷ್ಟು ಚೆಂದ" ಎಂದು ನೋಡಿದ್ದಿಲ್ಲ ಎಂಬ ಒಂದು ಸಣ್ಣ ಕೊರಗು ಮಹಾಲಿಂಗಯ್ಯನವರಿಗಿತ್ತು. ಆ ಕೊರಗು ಕಳೆಯಲಿಕ್ಕೇ ಅವರು ಉಳಿದ ತೇಗದ ತುಂಡುಗಳಲ್ಲಿ ವಿಮಾನ ಮಾಡಲು ಶುರು ಮಾಡಿದ್ದು.

ಅದೂ ಎಂಥ ವಿಮಾನ? ಫೈಟರ್ ವಿಮಾನ ಅವರಿಗೆ ಹಿಡಿಸದು. "ಬಾಂಬ್ ಹಾಕಿ ಓಡಿ ಬರೋದೇನ್ ಮಹಾ? ಅಕ್ಕಿ ಬೇಳೆ ಸೀಮೆಎಣ್ಣೆ ಹೊತ್ಕೊಂಡು ಹೋಗಿ, ಬೆಟ್ಟದ ತುದೀಲಿ ಇಳಿಸಿ, ವಾಪಸ್ ಬರ್ಬೇಕು. ಅದು ಕಣೇ ಕೆಲ್ಸ" ಎನ್ನುತ್ತಿದ್ದರು. ಹಾಗಾಗಿ ಅವರ ಟಿವಿಯ ಮೇಲೆ, ಬೀರುವಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆಲ್ಲಾ ಹೊಟ್ಟೆ ದಪ್ಪಗಿರುವ ಮಿಲಿಟರಿ ಸಾಮಾನು ವಿಮಾನಗಳೇ. ಪಕ್ಕದ ಮನೆಯ ಮಾಲಿನಿ ಒಮ್ಮೆ ಒಂದನ್ನು ಕೈಯಲ್ಲಿ ಹಿಡಿದು, "ಅಂಕಲ್, ಇದರ ಹೊಟ್ಟೆ ಕೊರೆದ್ರೆ ಏಲಕ್ಕಿ ಲವಂಗ ಇಟ್ಕೋಬಹುದು ಅಲ್ವಾ?" ಎಂದಳು. ಮಹಾಲಿಂಗಯ್ಯ ಕಣ್ಣಲ್ಲಿ ನೀರು ತುಂಬಿಕೊಂಡು "ಹೂಂ" ಎಂದರು.

ಇಂಥ ಹೊತ್ತಿನಲ್ಲಿ ಮೇಸ್ತ್ರಿಯ ವಿಮಾನಗಳ ಸುದ್ದಿ ಕೇಳಿ ಅಮೃತೂರಿನಿಂದ ಕದರಯ್ಯ ಎಂಬವರು ಬಂದರು. ವಾಯುಸೇನೆಯಲ್ಲಿ ವಿಮಾನಕ್ಕೆ ಸಾಮಾನು ತುಂಬಿಸಿ, ಅಲುಗದಂತೆ ಬಿಗಿದು ಕಟ್ಟುವ ಕೆಲಸದಲ್ಲಿದ್ದು ನಿವೃತ್ತರಾದವರು. ಟಿವಿಯ ಮೇಲಿನ ವಿಮಾನವನ್ನು ನೋಡಿದವರೇ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದರು.

"ಮೇಸ್ತ್ರಿ, ನಂಗೆ ಎಎನ್ ಮೂವತ್ತೆರಡು ವಿಮಾನ ಮಾಡ್ಕೊಡ್ಬೇಕು. ನನ್ ಜೀವ ಇರೋದೇ ಅದ್ರಿಂದ. ಮೂವತ್ತೊಂದು ವರ್ಷದ ಹಿಂದೆ ಹಿಮದ ಬೆಟ್ಟಕ್ಕೆ ರೇಷನ್ ತಗೊಂಡು ಹೊರಟಿದ್ವಿ. ಮೋಡ ಮುಚ್ಕೊಂಡ್ತು. ಮೂಗಿನ ತುದಿ ಕಾಣದಂಗೆ. ಒಳಗಿದ್ದ ಇಪ್ಪತ್ತೆರಡು ಜನಾನೂ ಮನೆಯೋರನ್ನ ನೆನೆಸ್ಕೊಂಡ್ ಬುಟ್ವಿ. ಆ ಮಹರಾಯ, ಪೈಲಟ್ ತಿಮ್ಮರಾಜು ಸಾಹೇಬ್ರು, ಹೂವಿನಂಗೆ ಇಳಿಸಿದ್ರು. ಥ್ಯಾಂಕ್ಸ್ ಹೇಳೋಣ ಅಂತ ಓಡ್ದೆ, ಜೀಪು ಹೊರಟೋಯ್ತು. ವಾರದಲ್ಲಿ ನಂಗೆ ಬೇರೆ ಕಡೆ ಪೋಸ್ಟಿಂಗು. ಈಗ ನಂಬರ್ ಸಿಕ್ತು. ಮೈಸೂರಲ್ಲವ್ರೆ. ಇನ್ನು ಮೂರು ತಿಂಗಳಿಗೆ ಮಗಳ ಜೊತೆ ಪುಣೆಗೆ ಹೋಗ್ಬುಡ್ತಾರಂತೆ. ಅದಕ್ಕೆ ಮುಂಚೆ ಒಂದು ಭಾನುವಾರ ನಮ್ಮನೆಗೆ ಊಟಕ್ಕೆ ಬರ್ತಾರೆ. ಕೈಗೆ ವಿಮಾನ ಕೊಟ್ಟು, ಮೂವತ್ತೊಂದು ವರ್ಷದ ಮಾತು ಹೇಳ್ಬೇಕು. ಆಗುತ್ತಾ?"

ಆ ಒಂದು ಸಲ ಮಹಾಲಿಂಗಯ್ಯ ಹೇಳಿದ "ಹೂಂ" ಹೊಟ್ಟೆಯೊಳಗಿಂದ ಬಂದಿತ್ತು.

ಎರಡು ತಿಂಗಳು ಕೆತ್ತಿದರು. ರೆಕ್ಕೆಯ ಮೇಲೆ ಕೂತ ಎಂಜಿನ್ನು, ನಾಲ್ಕು ನಾಲ್ಕು ಎಲೆಯ ಪಂಕ, ಹಿಂದೆ ಸಾಮಾನು ಹತ್ತಿಸುವ ಬಾಗಿಲು. ಬೂದು ಬಣ್ಣ ಸರಿಯಾಗಿ ಬರಲು ಹತ್ತು ದಿನ, ವಿಭೂತಿ ಗಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕಲಸಿದರು. ಎಲ್ಲಾ ಮುಗಿದ ಮೇಲೆ ಕದರಯ್ಯ ಕುಣಿಗಲ್‌ನಲ್ಲಿ ಮಾಡಿಸಿ ಕಳಿಸಿದ್ದ ಗಾಜಿನ ಪೆಟ್ಟಿಗೆಗೆ ವಿಮಾನವನ್ನು ಇಳಿಸಲು ಹೋದರೆ, ರೆಕ್ಕೆ ಅರ್ಧ ಇಂಚು ಉದ್ದ.

ತಪ್ಪು ಯಾರದೂ ಅಲ್ಲ, ಮೂವತ್ತು ವರ್ಷದ ಅಭ್ಯಾಸದ್ದು. ಉಕ್ಕು ಆರಿದಾಗ ಕುಗ್ಗುತ್ತದೆಂದು ಪ್ಯಾಟರ್ನ್ ಮೇಸ್ತ್ರಿಗಳ ಅಡಿಪಟ್ಟಿಯೇ ಅಡಿಗೆ ಕಾಲು ಇಂಚು ದೊಡ್ಡದಿರುತ್ತದೆ. ಮಹಾಲಿಂಗಯ್ಯ ಎಲ್ಲವನ್ನೂ ಅದೇ ಪಟ್ಟಿಯಲ್ಲಿ ಅಳೆದಿದ್ದರು. ಉಕ್ಕಾದರೆ ಕುಗ್ಗೀತು, ತೇಗ ಯಾರ ಮಾತು ಕೇಳುತ್ತದೆ?

"ಫ್ರಿಜ್ಜಲ್ಲಿ ಇಟ್ಟು ನೋಡೋಣ್ವಾ?" ಎಂದರು ಉಮಾಮಹೇಶ್ವರಿ.

"ಹೂಂ."

ಫ್ರಿಜ್ಜಿನೊಳಕ್ಕೂ ಅದು ಹಿಡಿಸಲಿಲ್ಲ. ಕೊನೆಗೆ ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ಭಾನುವಾರ ಬೆಳಿಗ್ಗೆ ವಿಮಾನವನ್ನು ಹಾಗೇ ಎರಡೂ ಕೈಯಲ್ಲಿ ಎತ್ತಿಕೊಂಡು ಮಹಾಲಿಂಗಯ್ಯ ಬಸ್ ಹತ್ತಿದರು. ಹೋಗಬೇಕಾದ್ದು ಕುಣಿಗಲ್ ಕಡೆಯ ಅಮೃತೂರಿಗೆ, ಹತ್ತಿದ್ದು ಗುಬ್ಬಿ ಬಸ್ಸು. ಏಕೆಂದರೆ ಗುಬ್ಬಿಯ ಹೊರಗಿನ ದಿಬ್ಬದ ಬಸವಣ್ಣ ಮನೆದೇವರು. ಕೈಯಲ್ಲಿ ಮಾಡಿದ ಯಾವ ವಸ್ತುವನ್ನೇ ಆಗಲಿ ಮೊದಲು ಅವನ ಪಾದಕ್ಕೆ ಮುಟ್ಟಿಸಿ ಆಮೇಲೆ ಬೇರೆಯವರಿಗೆ ಕೊಡಬೇಕೆಂಬುದು ಉಮಾಮಹೇಶ್ವರಿಯವರ ಕಾಯಿದೆ.

ಪಕ್ಕದಲ್ಲಿ ಕೂತವರು ಕೇಳಿದರು, "ಎಲ್ಲಿಗೆ ಸ್ವಾಮಿ?"

"ಗುಬ್ಬಿಗೆ."

"ವಿಮಾನ ಇಟ್ಕೊಂಡು ಬಸ್ಸಲ್ಲಿ ಯಾಕ್ ಹೋಗ್ತಿದೀರಾ?"

ಇದಕ್ಕೆ ಹೂಂ ಎನ್ನುವುದೋ ಬೇಡವೋ ತಿಳಿಯದೆ ಮಹಾಲಿಂಗಯ್ಯ ಗುಬ್ಬಿಯವರೆಗೂ ಯೋಚಿಸಿದರು.

ದೇವಸ್ಥಾನದಲ್ಲಿ ಭಾನುವಾರದ ನೂಕುನುಗ್ಗಲು. ಮಕ್ಕಳಿಲ್ಲದವರು ಹರಕೆ ಹೊತ್ತು ಕಟ್ಟಿದ ಪುಟ್ಟ ಪುಟ್ಟ ಮರದ ತೊಟ್ಟಿಲುಗಳು ಗರ್ಭಗುಡಿಯ ಮುಂದಿನ ಕೊಕ್ಕೆಗಳಲ್ಲಿ ತೂಗುತ್ತಿದ್ದವು. ಪೂಜಾರಿ ಚನ್ನಬಸವಯ್ಯ ಬೆವರೊರೆಸಿಕೊಳ್ಳುತ್ತಾ ವಿಮಾನವನ್ನು ಇಸಿದುಕೊಂಡರು.

"ಹರಕೆನಾ?"

ಮಹಾಲಿಂಗಯ್ಯನವರ ಜೀವವೆಲ್ಲಾ ಪೂಜಾರಿಯ ಹೆಬ್ಬೆರಳು ಪಂಕದ ಎಲೆಗೆ ತಾಗುತ್ತಿದ್ದುದರ ಮೇಲಿತ್ತು. "ಹೂಂ" ಎಂದರು.

"ಬಸವಣ್ಣನಿಗೆ ಒಪ್ಪಿಸಿದ್ರಾ?"

"ಹೂಂ."

ಮುಗಿಯಿತು. ವಿಮಾನದ ಮೂಗಿಗೆ ಮೂರು ಬೆರಳು ವಿಭೂತಿ ಬಿತ್ತು, ಕುಂಕುಮ ಬಿತ್ತು, ಹೊಸ ಗಾಡಿಯೆಂದು ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಹೋಯಿತು, ಕುತ್ತಿಗೆ ಎಲ್ಲಿದೆಯೆಂದು ಹುಡುಕಿ ಚೆಂಡುಹೂವಿನ ಹಾರವೂ ಬಿತ್ತು. ಮಂಗಳಾರತಿ ಆಯಿತು. ಮಹಾಲಿಂಗಯ್ಯ ಕೈ ಚಾಚಿದರು. ಚನ್ನಬಸವಯ್ಯ ಆ ಕೈಗೆ ತೀರ್ಥ ಹಾಕಿ, ವಿಮಾನವನ್ನು ಎರಡು ದಾರದಲ್ಲಿ ಕಟ್ಟಿ, ತೊಟ್ಟಿಲುಗಳ ನಡುವಿನ ಕೊಕ್ಕೆಗೆ ನೇತುಹಾಕಿ, "ಮುಂದಿನೋರು ಬನ್ನಿ" ಎಂದರು.

ಕೇಳಬೇಕು. ಆದರೆ ಕೇಳುವುದು ಹೇಗೆ? ಮಹಾಲಿಂಗಯ್ಯ ಜಗಲಿಯ ಮೇಲೆ ಕೂತು ಮೇಲೆ ನೋಡತೊಡಗಿದರು. ಹಾಗಲವಾಡಿಯಿಂದ ಬಂದಿದ್ದ ಓಬಳಮ್ಮ ಎಂಬ ಮುದುಕಿ ಪಕ್ಕದಲ್ಲಿ ಬಂದು ಕೂತು ತಾನೂ ಮೇಲೆ ನೋಡಿತು.

"ಏನಪ್ಪಾ ಅದು?"

"ವಿಮಾನ ಕಣಮ್ಮ. ಮಿಲಿಟ್ರಿದು."

"ನಿನ್ ಮಗಂಗೆ ಮಿಲಿಟ್ರೀಲಿ ಕೆಲ್ಸ ಸಿಕ್ತಾ? ಅದಕ್ಕೆ ತಂದು ಕಟ್ಟಿದಾ?"

ಮಹಾಲಿಂಗಯ್ಯನವರಿಗೆ ಇದ್ದದ್ದು ಒಬ್ಬಳೇ ಮಗಳು, ತಿಪಟೂರಿನಲ್ಲಿ ಟೀಚರು. ಆದರೆ ಅವರ ಕಣ್ಣು ದಾರದ ಗಂಟಿನ ಮೇಲಿತ್ತು. "ಹೂಂ" ಎಂದುಬಿಟ್ಟರು.

ಓಬಳಮ್ಮ ಸೆರಗಿನ ಗಂಟಿನಿಂದ ಫೋನ್ ತೆಗೆಯಿತು. "ಲೋ ಕಿರಣಾ, ಎಲ್ಲಿದ್ದೀಯೋ? ಬಿದ್ದಂಗೆ ಬಾ. ಈ ಬಸವಣ್ಣ ಮಿಲಿಟ್ರಿ ಕೆಲ್ಸ ಕೊಡುಸ್ತಾನಂತೆ ಕಣೋ!"

ಮೊಮ್ಮಗ ಕಿರಣ್‌ಕುಮಾರ್ ಎರಡು ಸಲ ಸೇನೆಯ ಓಟದ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನು. ಇಪ್ಪತ್ತೇ ನಿಮಿಷಕ್ಕೆ ಮೂವರು ಗೆಳೆಯರೊಂದಿಗೆ ಒಂದೇ ಬೈಕಿನಲ್ಲಿ ಬಂದು, ನಾಲ್ವರೂ ವಿಮಾನದ ಕೆಳಗೆ ಉದ್ದಂಡ ಬಿದ್ದರು. ಅವರ ಹಿಂದೆ ದುಬೈಗೆ ಹೋಗಬೇಕಾದವನೊಬ್ಬ ಬಂದ, ಪಾಸ್‌ಪೋರ್ಟನ್ನು ಕೋಲಿಗೆ ಸಿಕ್ಕಿಸಿ ವಿಮಾನದ ರೆಕ್ಕೆಗೆ ಮುಟ್ಟಿಸಿಕೊಂಡು ಹೋದ. ಒಂಬತ್ತೂವರೆಯ ಹೊತ್ತಿಗೆ ತೊಟ್ಟಿಲುಗಳನ್ನು ಕೇಳುವವರೇ ಇರಲಿಲ್ಲ.

ಆಗ ಕದರಯ್ಯನವರ ಫೋನು. "ಮೇಸ್ತ್ರಿ, ಸಾಹೇಬ್ರು ಮೈಸೂರು ಬಿಟ್ರಂತೆ. ಇಡೀ ಮನೆಗೆ ಸುಣ್ಣ ಹೊಡ್ಸಿದೀನಿ. ಮಾತು ಬರ್ಕೊಂಡು ಬಾಯಿಪಾಠ ಮಾಡಿದೀನಿ. ವಿಮಾನ ರೆಡಿನಾ?"

"ಹೂಂ."

"ಎಲ್ಲದೆ ಈಗ?"

"ಮೇಲಿದೆ."

"ಶಭಾಷ್!" ಎಂದು ಕದರಯ್ಯ ನಕ್ಕು ಫೋನ್ ಇಟ್ಟರು.

ಆ ನಗೆ ಮಹಾಲಿಂಗಯ್ಯನವರ ಎದೆಗೆ ನಾಟಿತು. ಮೂವತ್ತೊಂದು ವರ್ಷ ಕಾದ ಮನುಷ್ಯ ಇವತ್ತು ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ, ಅದೂ ತನ್ನ ಬಾಯಿಂದ. ಎದ್ದು ಹೋಗಿ ಚನ್ನಬಸವಯ್ಯನವರ ಕೈ ಹಿಡಿದುಕೊಂಡು, ಬಿಕ್ಕುತ್ತಾ ತಡವರಿಸುತ್ತಾ ಎಲ್ಲವನ್ನೂ ಹೇಳಿದರು.

"ಅಲ್ಲ ಸ್ವಾಮಿ, ಎರಡು ಸಲ ಕೇಳ್ದೆ. ಎರಡು ಸಲಾನೂ ಹೂಂ ಅಂದ್ರಿ" ಎಂದರು ಪೂಜಾರಿ. "ದೇವರಿಗೆ ಒಪ್ಪಿಸಿದ್ದನ್ನ ಬಿಚ್ಚೋಕೆ ನಂಗೆ ಅಧಿಕಾರ ಇಲ್ಲ. ಕಮಿಟಿ ಅಧ್ಯಕ್ಷರು ಬರ್ಬೇಕು."

ಅಧ್ಯಕ್ಷ ಅಪ್ಪಾಜಿ ಬಂದರು, ಹಲ್ಲು ಕಡ್ಡಿ ಸಮೇತ. ಜನವನ್ನು ನೋಡಿದರು, ವಿಮಾನವನ್ನು ನೋಡಿದರು. ಇಪ್ಪತ್ತು ವರ್ಷದ ಅಧ್ಯಕ್ಷಗಿರಿಯಲ್ಲಿ ಇಂಥ ಭಾನುವಾರ ಅವರು ಕಂಡಿರಲಿಲ್ಲ. "ನಾವ್ಯಾರು ಕೊಡೋಕೆ, ನಾವ್ಯಾರು ಇಟ್ಕೊಳ್ಳೋಕೆ? ಹೂವು ಕೇಳಣ. ಬಲಗಡೆ ಹೂವಾದ್ರೆ ತಗೊಂಡು ಹೋಗ್ಲಿ. ಎಡಗಡೆ ಆದ್ರೆ ಇಲ್ಲೇ ಇರ್ಲಿ."

ಬಸವಣ್ಣನ ಎರಡು ಕೊಂಬಿನ ಮೇಲೆ ಒಂದೊಂದು ಕಣಗಿಲೆ ಹೂವಿಟ್ಟರು. ಜನ ಉಸಿರು ಬಿಗಿಹಿಡಿದರು. ಗಾಳಿಗೆ ಬಿದ್ದರೆ ಅದು ದೇವರ ಮಾತಾಗುವುದಿಲ್ಲವೆಂದು ಅಪ್ಪಾಜಿ ಫ್ಯಾನ್ ಆರಿಸಿದರು. ಹತ್ತು ನಿಮಿಷ. ಬಸವಣ್ಣನಿಗೆ ಅವಸರವಿರಲಿಲ್ಲ. ಹದಿನೈದು ನಿಮಿಷ.

"ಎಡಕ್ಕೆ ಕೊಡಪ್ಪಾ ನಮ್ಮಪ್ಪಾ" ಎಂದಿತು ಓಬಳಮ್ಮ.

"ಅಜ್ಜಿ, ದೇವರಿಗೆ ಹೇಳಿಕೊಡ್ಬಾರ್ದು" ಎಂದರು ಪೂಜಾರಿ.

ಅಮೃತೂರಿಗೆ ಎರಡು ಗಂಟೆಯ ದಾರಿ. ಮಹಾಲಿಂಗಯ್ಯನವರಿಗೆ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿ, "ನಂದಲ್ಲ ತಂದೆ, ಕದರಯ್ಯಣ್ಣಂದು" ಎನ್ನುತ್ತಾ ತಲೆಯ ಮೇಲಿನ ದೊಡ್ಡ ಗಂಟೆಯನ್ನು ಮೂವತ್ತು ವರ್ಷದ ಬಡಗಿಯ ರಟ್ಟೆಯ ಬಲವನ್ನೆಲ್ಲಾ ಹಾಕಿ ಬಾರಿಸಿದರು. ದೇವಸ್ಥಾನ ನಡುಗಿತು. ಎರಡು ಹೂವೂ ಒಟ್ಟಿಗೇ ಬಿದ್ದವು, ಒಂದು ಬಲಕ್ಕೆ, ಒಂದು ಎಡಕ್ಕೆ.

ಮುಂದಿನ ಐದು ನಿಮಿಷ ಅಲ್ಲಿ ನಡೆದ ಧಾರ್ಮಿಕ ಚರ್ಚೆಯನ್ನು ಬರೆದರೆ ಪುಸ್ತಕವಾಗುತ್ತದೆ. ಕೊನೆಗೆ ಅಪ್ಪಾಜಿ ಕೈ ಎತ್ತಿದರು. "ಅರ್ಥ ಆಯ್ತು. ಹೋಗ್ಲೂಬೇಕು, ಇರ್ಲೂಬೇಕು. ಅಂದ್ರೆ, ಹೋಗಿ ಬರ್ಬೇಕು. ಪೂಜಾರಪ್ಪೋರ ಸಮೇತ ಹೋಗಿ, ಸಂಜೆ ಪೂಜೆ ಹೊತ್ತಿಗೆ ವಾಪಸ್ ಕೊಕ್ಕೆಗೆ ಬರ್ಬೇಕು. ಆ ಸಾಹೇಬ್ರು ನೋಡ್ಲಿ, ಮುಟ್ಲಿ, ಕೈ ಮುಗೀಲಿ. ನನ್ ಓಮ್ನಿ ಇದೆ."

ಹೀಗೆ ವಿಮಾನದ ಸವಾರಿ ಹೊರಟಿತು. ಅಪ್ಪಾಜಿ ಡ್ರೈವರು, ಪಕ್ಕದಲ್ಲಿ ಪಂಚೆಯುಟ್ಟ ಚನ್ನಬಸವಯ್ಯನವರ ತೊಡೆಯ ಮೇಲೆ ಹಾರಸಮೇತ ವಿಮಾನ, ಹಿಂದೆ ಮಹಾಲಿಂಗಯ್ಯ, ಕಿರಣ್‌ಕುಮಾರ್ ಮತ್ತು ಯಾರೂ ಕರೆಯದಿದ್ದರೂ ಮೊದಲೇ ಹತ್ತಿ ಕೂತಿದ್ದ ಓಬಳಮ್ಮ. ತುಮಕೂರಿನ ಸರ್ಕಲ್ಲಿನಲ್ಲಿ ಪೊಲೀಸಪ್ಪ ಅಡ್ಡ ಹಾಕಿದ. "ಅದೇನ್ರೀ ಅದು?"

"ದಿಬ್ಬದ ಬಸವಣ್ಣನ ವಿಮಾನ" ಎಂದರು ಪೂಜಾರಿ ಗಂಭೀರವಾಗಿ.

ಪೊಲೀಸಪ್ಪ ಟೋಪಿ ತೆಗೆದು ಕಿಟಕಿಯಿಂದ ಹಣೆ ಒಳಗಿಟ್ಟ. ವಿಭೂತಿ ಹಚ್ಚಿಸಿಕೊಂಡು ಎದುರಿನ ಬಸ್ಸುಗಳನ್ನೆಲ್ಲಾ ನಿಲ್ಲಿಸಿ ದಾರಿ ಬಿಡಿಸಿಕೊಟ್ಟ.

ಅಮೃತೂರಿನ ಮನೆಯ ಮುಂದೆ ಕದರಯ್ಯ ಹಳೆಯ ಕೋಟಿಗೆ ಪದಕ ಸಿಕ್ಕಿಸಿಕೊಂಡು, ಮಾತು ಬರೆದ ಕಾಗದ ಹಿಡಿದು ನಿಂತಿದ್ದರು. ಮಗಳು ಆಶಾರಾಣಿ ಒಳಗೆ ಒಗ್ಗರಣೆ ಹಾಕುತ್ತಿದ್ದಳು. ಓಮ್ನಿಯಿಂದ ಐದು ಜನ ಇಳಿದು, ಹಾರ ಹಾಕಿದ ವಿಮಾನದ ಹಿಂದೆ ಸಾಲಾಗಿ ಬರುವುದನ್ನು ಕಂಡು ಕದರಯ್ಯ ಕಂಗಾಲಾದರು.

"ಮೇಸ್ತ್ರಿ, ಇದೇನು ಮೆರವಣಿಗೆ?"

ಮಹಾಲಿಂಗಯ್ಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೈಸೂರಿನ ಕಾರು ಬಂತು. ಡ್ರೈವರ್ ಸೀಟಿನಿಂದ ಸಾಹೇಬರ ಮಗಳು ಭಾನುಪ್ರಿಯಾ ಇಳಿದಳು. ಆ ಕಡೆಯಿಂದ ಎತ್ತರದ, ನೇರ ಬೆನ್ನಿನ ವಯಸ್ಸಾದವರು ಇಳಿದು, ಕಾರಿನ ಬಾಗಿಲನ್ನೇ ಹಿಡಿದು ನಿಂತರು. ಕಪ್ಪು ಕನ್ನಡಕ. ಕದರಯ್ಯ ಹಿಮ್ಮಡಿ ಕುಟ್ಟಿ ಸೆಲ್ಯೂಟ್ ಹೊಡೆದರು. ಸಾಹೇಬರು ಸೆಲ್ಯೂಟ್ ವಾಪಸ್ ಕೊಡಲಿಲ್ಲ. ಕದರಯ್ಯನವರ ಕೈ ಹಣೆಯಲ್ಲೇ ಉಳಿಯಿತು. ಭಾನುಪ್ರಿಯಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಪ್ಪಂಗೆ ನಾಲ್ಕು ವರ್ಷದಿಂದ ಕಣ್ಣು ಕಾಣಲ್ಲ. ಫೋನಲ್ಲಿ ಹೇಳ್ಬೇಡ, ಕದರಯ್ಯ ಬೇಜಾರ್ ಮಾಡ್ಕೋತಾನೆ ಅಂದ್ರು."

ಹತ್ತು ದಿನ ಬಣ್ಣ ಕಲಸಿದ ಮಹಾಲಿಂಗಯ್ಯ ಗೋಡೆಗೆ ಒರಗಿಕೊಂಡರು.

ಸಾಹೇಬರನ್ನು ಕುರ್ಚಿಯ ಮೇಲೆ ಕೂರಿಸಿದರು. ಚನ್ನಬಸವಯ್ಯ ವಿಮಾನವನ್ನು ಅವರ ತೊಡೆಯ ಮೇಲಿಟ್ಟರು. ಉದ್ದನೆಯ ಬೆರಳುಗಳು ಮೂಗಿನಿಂದ ಶುರುಮಾಡಿ ನಿಧಾನವಾಗಿ ಹಿಂದಕ್ಕೆ ಹೋದವು.

"ಇದು ನನ್ನ ಕಿಟಕಿ. ಎಂಜಿನ್ನು ರೆಕ್ಕೆ ಮೇಲೆ, ಸರಿ. ಪಂಕ... ಅಯ್ಯೋ, ತಿರುಗುತ್ತಲ್ಲ! ಇದೇನು ಮೂಗಿಗೆ ಮೆತ್ತಿರೋದು?"

"ವಿಭೂತಿ ಸ್ವಾಮಿ" ಎಂದರು ಪೂಜಾರಿ.

"ಇದು?"

"ಚೆಂಡುಹೂವಿನ ಹಾರ."

"ನಾವು ಹಾರಿಸೋವಾಗ ಇದನ್ನ ಇಷ್ಟು ಚೆನ್ನಾಗಿ ಯಾರೂ ನೋಡ್ಕೊಂಡಿರ್ಲಿಲ್ಲ" ಎಂದು ಸಾಹೇಬರು ವಿಭೂತಿಯನ್ನು ಬೆರಳಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡರು. "ಮಾಡಿದೋರು ಯಾರು? ಕೈ ಕೊಡಿ."

ಮಹಾಲಿಂಗಯ್ಯ ಕೊಟ್ಟರು. "ತಪ್ಪಾಗಿದೆ ಸಾರ್. ರೆಕ್ಕೆ ಅರ್ಧ ಇಂಚು ಉದ್ದ ಬಂದ್ಬಿಟ್ಟಿದೆ."

"ಬೆಟ್ಟದ ಮೇಲೆ ಗಾಳಿ ತೆಳು. ಉದ್ದ ಇದ್ರೇ ಒಳ್ಳೇದು" ಎಂದು ಸಾಹೇಬರು ಆ ಒರಟು ಅಂಗೈಯನ್ನು ಬಿಡದೆ ಹಿಡಿದುಕೊಂಡೇ ಇದ್ದರು. "ಹದಿನೆಂಟು ವರ್ಷ ಇದ್ರಲ್ಲಿ ಕೂತಿದ್ದೆ. ಹೊರಗಡೆಯಿಂದ ಇದು ಹಿಂಗಿದೆ ಅಂತ ನಂಗೆ ಇವತ್ತು ಗೊತ್ತಾಯ್ತು. ಎಷ್ಟು ಚೆಂದ ಇದೆಯಪ್ಪಾ."

ಮೂವತ್ತು ವರ್ಷ ಗೋಡೌನಿಗೆ ಕೆತ್ತಿ ಕೊಟ್ಟ ಮಹಾಲಿಂಗಯ್ಯನವರಿಗೆ ಹೂಂ ಕೂಡ ಬರಲಿಲ್ಲ. ಕಣ್ಣು ತುಂಬಿ, ಮನಸ್ಸಿನಲ್ಲೇ ಬಸವಣ್ಣನಿಗೂ ಕದರಯ್ಯನಿಗೂ ತೇಗದ ಮರಕ್ಕೂ ಕೈ ಮುಗಿದರು.

ಈಗ ಕದರಯ್ಯನವರ ಸರದಿ. ಕಾಗದ ಬಿಚ್ಚಿದರು. "ಮಾನ್ಯರೇ" ಎಂದರು. ಕಾಗದವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದರು. ಮತ್ತೆ "ಮಾನ್ಯರೇ" ಎಂದರು.

ಸಾಹೇಬರೇ ಮಾತಾಡಿದರು. "ಕದರಯ್ಯ, ನಾನೇ ಇಳಿಸಿದ್ದು ಅಂತ ನೀನು ಫೋನಲ್ಲೆಲ್ಲಾ ಹೇಳ್ತಿದ್ದೆ. ಆ ಮೋಡದೊಳಗೆ ವಿಮಾನ ಹೆಂಗೆ ಒದ್ದಾಡ್ತು ಗೊತ್ತಲ್ಲ? ಹಿಂದೆ ನೀನು ಕಟ್ಟಿದ್ದ ಮೂಟೆಗಳಲ್ಲಿ ಒಂದು ಜರುಗಿದ್ರೂ ನಾವ್ಯಾರೂ ಇವತ್ತು ಇರ್ತಿರ್ಲಿಲ್ಲ. ಒಂದೂ ಜರುಗ್ಲಿಲ್ಲ. ನಿನ್ನ ಹುಡುಕಿ ಹೇಳ್ಬೇಕಿತ್ತು, ಹೇಳಲಿಲ್ಲ. ಥ್ಯಾಂಕ್ಸ್ ಕಣಯ್ಯಾ."

ಆಶಾರಾಣಿ ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದಳು. ಅಪ್ಪಾಜಿ ಗಡಿಯಾರ ನೋಡಿಕೊಂಡು ಪೂಜಾರಿಯ ಕಿವಿಯಲ್ಲಿ, "ಸಂಜೆ ಪೂಜೆ..." ಎಂದರು. ಚನ್ನಬಸವಯ್ಯ ಪಂಚೆಯ ತುದಿಯಿಂದ ಮೂಗೊರೆಸಿಕೊಂಡರು. "ಸುಮ್ನಿರಿ ಅಪ್ಪಾಜಿ. ಇದು ಇಲ್ಲೇ ಇರ್ಲಿ. ಬಸವಣ್ಣಂಗೆ ನಾನು ಹೇಳ್ಕೋತೀನಿ."

"ಕೊಕ್ಕೆ?"

"ಮತ್ತೊಂದು ತೊಟ್ಟಿಲು ಕಟ್ಟೋಣ."

ಎಲ್ಲರೂ ಓಬಳಮ್ಮನ ಕಡೆ ನೋಡಿದರು. "ಇಟ್ಕೊಳಪ್ಪಾ" ಎಂದಿತು ಮುದುಕಿ. "ನನ್ ಮೊಮ್ಮಗ ಮೊದ್ಲು ಓಡೋದು ಕಲೀಲಿ."

ಸಾಹೇಬರು ನಗುತ್ತಾ ಬೆನ್ನು ನೇರ ಮಾಡಿ ಕೂತರು. ವಿಮಾನವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಮೂಗನ್ನು ಬಾಗಿಲಿನಿಂದ ಗಾಳಿ ಬರುತ್ತಿದ್ದ ಕಡೆಗೆ ತಿರುಗಿಸಿದರು. ಬೆರಳಿನಿಂದ ಎಡದ ಪಂಕ ತಿರುಗಿಸಿದರು, ಬಲದ ಪಂಕ ತಿರುಗಿಸಿದರು. ಆಮೇಲೆ ತಲೆ ಹಿಂದಕ್ಕೆ ಹೊರಳಿಸದೆ, ಬೇರೆಯದೇ ದನಿಯಲ್ಲಿ ಕೂಗಿ ಕೇಳಿದರು:

"ಕದರಯ್ಯ, ಹಿಂದೆ ಎಲ್ಲಾ ಸರಿಯಿದೆಯಾ?"

ಕದರಯ್ಯ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡರು. ನಾಲ್ಕು ಹೆಜ್ಜೆ ಸುತ್ತಿ ಹೋಗಿ, ಕುರ್ಚಿಯ ಹಿಂದೆ ತಮ್ಮ ಜಾಗದಲ್ಲಿ ನೆಟ್ಟಗೆ ನಿಂತರು.

"ಬಿಗಿಯಾಗಿ ಕಟ್ಟಿದೀನಿ ಸಾರ್. ಹೊರಡಿ."